ಹೊಂಡಕ್ಕೆ ಸಿಗಡಿ ಬಿಡೋದಾ, ಕಟ್ಲಾ-ರೋಹು ಬಿಡೋದಾ?

ಸಿಂಧನೂರು, ಗಂಗಾವತಿ ಕಡೆ ಹೊಂಡ ತೋಡಿಸಿದವರು ಮೊದಲು ನೋಡುವುದು ದರ. ಸಿಗಡಿಗೆ ಜಾಸ್ತಿ ಸಿಗುತ್ತದೆ, ನಿಜ. ಆದರೆ ಅದರ ಮರಿ ನಮ್ಮ ಹೊಂಡದಲ್ಲಿ ಆಗುವುದಿಲ್ಲ. ಹೆಸರಿಗೆ ಸಿಹಿನೀರಿನ ಸಿಗಡಿಯಾದರೂ ಎಳೆಮರಿಗೆ ಸ್ವಲ್ಪ ಉಪ್ಪುನೀರು ಬೇಕು, ಮರಿ ಮಾಡುವ ಹ್ಯಾಚರಿಯಿಂದಲೇ ತರಬೇಕು. ಕಟ್ಲಾ, ರೋಹು ಮೀನಿನ ಮರಿ ಟಿ.ಬಿ. ಡ್ಯಾಂ (ತುಂಗಭದ್ರಾ ಅಣೆಕಟ್ಟು) ಕಡೆಯೇ ಸಿಗುತ್ತವೆ.

ಪೊರೆ ಬಿಟ್ಟಾಗ ಸಿಗಡಿಯ ಮೈ ಮೆತ್ತಗಿರುತ್ತದೆ, ಜೊತೆಯವೇ ತಿಂದುಹಾಕುತ್ತವೆ. ಅಡಗಲು ಒಡೆದ ಹೆಂಚು, ಪೈಪ್ ತುಂಡು, ತೆಂಗಿನ ಗರಿ ಹಾಕಬೇಕು. ನಸುಕಿನಲ್ಲಿ ಆಮ್ಲಜನಕ ಇಳಿದರೆ ದಡಕ್ಕೆ ಬಂದು ಗುಂಪಾಗುತ್ತವೆ. ಕೂಡಲೇ ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡಿಸಬೇಕು. ನಮ್ಮ ಕರೆಂಟ್ ಕಥೆ ಗೊತ್ತಲ್ವಾ! ಕಟ್ಲಾಕ್ಕೆ ಇಷ್ಟೊಂದು ಮುದ್ದು ಬೇಡ.

ದೊಡ್ಡ ಅಪಾಯ ಭತ್ತದ ಗದ್ದೆಯದು. ಹುಳಕ್ಕೆ ಹೊಡೆದ ಎಣ್ಣೆ (ಕೀಟನಾಶಕ) ಬಸಿನೀರಲ್ಲಿ ಬಂದರೆ ಮೀನಿಗಿಂತ ಮೊದಲು ಸಿಗಡಿ ಸಾಯುತ್ತದೆ. ಸುತ್ತ ಗದ್ದೆ ಇದ್ದರೆ ಸುಮ್ನೆ ಕಟ್ಲಾ-ರೋಹು ಬಿಡಿ. ಗದ್ದೆ ನೀರು ಸೇರದ ಹೊಂಡ, ಏರೇಟರ್ ಎರಡೂ ಇದ್ದರೆ ಸಿಗಡಿ ನೋಡಬಹುದು.