ಸ್ವಿಚ್ಚಿಲ್ಲದ ಪೆಂಟಾಕ್ಸ್ ಕೆ-1000: ಏಳು ವರ್ಷದ ಜಗಳ

ಈ ಕ್ಯಾಮೆರಾಕ್ಕೆ ಸ್ವಿಚ್ಚೇ ಇಲ್ಲ. ಏಳು ವರ್ಷ ಬಳಸಿದ ಮೇಲೂ ನನ್ನ ತಕರಾರು ಅದೊಂದರ ಮೇಲೇ.

ಕೊಪ್ಪಳದಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಹಿರಿಯರೊಬ್ಬರು 50 ಎಂಎಂ ಲೆನ್ಸ್ ಸಮೇತ ನಾಲ್ಕೂವರೆ ಸಾವಿರಕ್ಕೆ ಕೊಟ್ಟರು. ಹಣೆಯ ಮೇಲೆ 'ಅಸಾಹಿ' (ಪೆಂಟಾಕ್ಸ್ ಕಂಪನಿಯ ಹಳೇ ಹೆಸರು) ಅಂತ ಬರೆದಿರುವ ಹಳೇ ಲೋಹದ ಮೈ. ಕೈಗಿಡುತ್ತಾ, "ಮುಚ್ಚಳ ಮರೀಬ್ಯಾಡ್ರಿ ಸರ" ಅಂದರು. ಧೂಳಿನ ಮಾತು ಅಂದುಕೊಂಡೆ. ಒಂದೇ ತಿಂಗಳಲ್ಲಿ ಸೆಲ್ ಸತ್ತಾಗ ಅರ್ಥವಾಯಿತು.

ಒಳಗಿನ ಲೈಟ್ ಮೀಟರ್ ಸದಾ ಚಾಲೂ ಇರುತ್ತದೆ. ಬೆಳಕು ಬಿದ್ದಷ್ಟು ಹೊತ್ತೂ ಸೆಲ್ ಖರ್ಚಾಗುತ್ತದೆ. ಕತ್ತಲಾದರೆ ಬೆಳಕು ಅಳೆಯುವ ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್) ಬಿಲ್ಲೆಯ ತಡೆ ವಿಪರೀತ ಏರಿ ಕರೆಂಟು ಹೆಚ್ಚುಕಡಿಮೆ ನಿಲ್ಲುತ್ತದೆ. ಅಂದರೆ ಲೆನ್ಸಿನ ಮುಚ್ಚಳವೇ ಸ್ವಿಚ್ಚು. ಸೆಲ್ಫ್ ಟೈಮರ್ ಕೂಡ ಇಲ್ಲದೆ, ಕಲಿಯುವವರ ಕೈಗೆಟಕಲಿ ಅಂತ 1976ರಲ್ಲಿ ತಂದ ಅಗ್ಗದ ಕ್ಯಾಮೆರಾ ಇದು. 1997ರವರೆಗೆ 30 ಲಕ್ಷಕ್ಕೂ ಹೆಚ್ಚು ತಯಾರಾದವು. ಇಪ್ಪತ್ತೊಂದು ವರ್ಷದಲ್ಲಿ ಒಂದು ಸ್ವಿಚ್ಚು ಹಾಕಲಾಗಲಿಲ್ಲವೇ?

ಹಾಗಾಗಿ ರಾತ್ರಿ ಗ್ಯಾಸ್ ಬಂದ್, ಬಾಗಿಲಿಗೆ ಚಿಲಕ, ಆಮೇಲೆ ಕ್ಯಾಮೆರಾದ ಮುಚ್ಚಳ. ನಾನು ಮರೆತರೂ ಅವ್ವ ಮರೆಯುವುದಿಲ್ಲ: "ನಿನ್ನ ಡಬ್ಬಿ ಬಾಯಿ ಮುಚ್ಚೀಯೇನಪಾ?"

ರೀಲು ಹಾಕುವುದು ಮಾತ್ರ ಭಾನುವಾರ ಬೆಳಗಿನ ಕೆಲಸ, ಚಹಾ ಕುಡಿದ ಮೇಲೆ, ಒದ್ದೆ ಕೈ ಒರೆಸಿಕೊಂಡು. ಎಡಗಡೆ ಗುಬುಟು ಎತ್ತಿದರೆ ಬೆನ್ನು ತೆರೆಯುತ್ತದೆ. ರೀಲಿನ ನಾಲಿಗೆಯನ್ನು ಸೀಳಿಗೆ ಸಿಕ್ಕಿಸಿ, ಹಲ್ಲಿಗೆ ತೂತು ಕೂರಿಸಿ, ಬೆನ್ನು ಮುಚ್ಚಿ ಲಿವರ್ ಎಳೆಯಬೇಕು. ಆಗ ಆ ಗುಬುಟು ಹಿಂದಕ್ಕೆ ತಿರುಗಿತೋ, ರೀಲು ಹಿಡಿದಿದೆ. ತಿರುಗದಿದ್ದರೆ 36 ಸಲ ಖಟಾಕ್ ಅನ್ನಿಸಿ ಖಾಲಿ ರೀಲು ತೊಳೆಸಬೇಕಾಗುತ್ತದೆ. ಆ ಪಾಠವೂ ಆಗಿದೆ ಬಿಡಿ.

ಕಿಂಡಿಯಲ್ಲಿ ಕಾಣುವ ಮೀಟರಿನ ಮುಳ್ಳು ಒಳ್ಳೆಯದೇ, ಆಕಾಶ ಕಂಡರೆ ಮಾತ್ರ ಮೋಸಹೋಗುತ್ತದೆ. 1112ರ ಇಟಗಿ ಮಹಾದೇವ ಗುಡಿಯ ಮುಂದೆ ನಿಂತು ಮುಳ್ಳು ಹೇಳಿದಂತೆ ಕೇಳಿದರೆ ಹಿಂದಿನ ಬಾನು ಚೆಂದ ಬರುತ್ತದೆ, ಕೆತ್ತನೆ ಕಪ್ಪಾಗುತ್ತದೆ. ಮೊದಲು ನೆಲಕ್ಕೋ ಗೋಡೆಗೋ ತೋರಿಸಿ ಅಳತೆ ತಗೊಂಡು, ಆಮೇಲೆ ಗುಡಿಗೆ ತಿರುಗಿಸಿ.

ಸೆಲ್ ಸತ್ತರೂ ಶಟರ್ ಸಾಯುವುದಿಲ್ಲ, ಪೂರ್ತಿ ಸ್ಪ್ರಿಂಗ್, ಗೇರುಗಳ ಕೆಲಸ. ನಮ್ಮ ಬಿಸಿಲಿಗಂತೂ ಮೀಟರೇ ಬೇಡ: 200 ವೇಗದ (ಐಎಸ್‌ಒ) ರೀಲಿಗೆ ಲೆನ್ಸಿನ ತೂತು ಎಫ್16, ಶಟರ್ ಸೆಕೆಂಡಿನ 1/250. ಏಪ್ರಿಲ್ ಮಧ್ಯಾಹ್ನ ಕಣ್ಣು ಮುಚ್ಚಿ ಒತ್ತಿದರೂ ಬರುತ್ತದೆ. ಇಲ್ಲೇ ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು.

ಸಿಟ್ಟು ಬಂದದ್ದು ಗವಿಮಠದ ಜಾತ್ರೆಯಲ್ಲಿ. ತೇರು ಎಳೆಯುವುದು ಸಂಜೆ. ಉತ್ತತ್ತಿ ತಲೆ ಮೇಲೆ ಬೀಳುತ್ತಿವೆ, ಜನ ನೂಕುತ್ತಿದ್ದಾರೆ, ಬೆಳಕು ಕ್ಷಣಕ್ಷಣಕ್ಕೆ ಇಳಿಯುತ್ತಿದೆ; ಮುಳ್ಳು ಅಲ್ಲಾಡಲಿಲ್ಲ. ಬೆಳಗಿನಿಂದ ಕೊರಳಲ್ಲೇ ತೂಗುತ್ತಿದ್ದ ಕ್ಯಾಮೆರಾದ ಮುಚ್ಚಳ ಸಡಿಲಾಗಿ ಎಲ್ಲೋ ಬಿದ್ದುಹೋಗಿತ್ತು. ಮೀಟರ್ ಬೇಡವಾದ ಹೊತ್ತಲ್ಲಿ ಸೆಲ್ಲನ್ನೆಲ್ಲ ಕುಡಿದು, ಬೇಕಾದ ಹೊತ್ತಿಗೆ ಕೈಕೊಟ್ಟಿತು. ಅಂದಾಜಿನ ಮೇಲೆ ಹೊಡೆದೆ. ಬೆಂಗಳೂರಿಗೆ ಕೊರಿಯರ್ ಮಾಡಿ ತೊಳೆಸಿದ ರೀಲು ಮೂರು ವಾರಕ್ಕೆ ಬಂತು: ತೇರಿನ ಬದಲು ಕಪ್ಪು ಗುಡ್ಡ. ರೀಲು, ತೊಳೆಸುವುದು, ಸ್ಕ್ಯಾನು ಎಲ್ಲಾ ಸೇರಿ ಒಂದು ದಿನದ ಸಂಬಳವೇ ಹೋಯಿತು. ಈಗ ತಿಂಗಳಿಗೊಂದೇ ರೀಲು.

ಆಮೇಲೆ ಎರಡು ಎಲ್‌ಆರ್44 ಸೆಲ್ ವಾಚ್ ರಿಪೇರಿ ಅಂಗಡಿಯಿಂದ ತಂದು ಕಿಸೆಯಲ್ಲಿಟ್ಟುಕೊಂಡಿದ್ದೇನೆ. ತಳದ ಮುಚ್ಚಳವನ್ನು ನಾಣ್ಯದಲ್ಲಿ ತಿರುಗಿಸಿದರೆ ಬದಲಿಸುವುದು ಒಂದು ನಿಮಿಷದ ಕೆಲಸ. ಅಷ್ಟಕ್ಕೆ ಸಿಟ್ಟೂ ಇಳಿದಿದೆ.

ತಗೊಳ್ಳುವವರು ಸೆಲ್ ಹಾಕಿ, ಕಿಂಡಿಯಲ್ಲಿ ನೋಡುತ್ತಾ ಲೆನ್ಸಿಗೆ ಕೈ ಅಡ್ಡ ಹಿಡಿದು ತೆಗೆಯಿರಿ. ಮುಳ್ಳು ಏಳಬೇಕು, ಬೀಳಬೇಕು. ಸೆಲ್ ಗೂಡಿನಲ್ಲಿ ಹಸಿರು ಕಿಲುಬು ಕಂಡರೆ ಬೆಲೆ ಇಳಿಸಿ ಕೇಳಿ. ಜೊತೆಗೆ ಹೊಸ ಮುಚ್ಚಳ ಕೊಳ್ಳಿ, 49 ಎಂಎಂ, ಬಿಗಿಯಾಗಿ ಕೂರುವಂಥದ್ದು.