ಕಟಿ ಬಸ್ತಿ ರಿಂಗ್: ತಳ ಸೋರುತ್ತದೆ, ಆದರೂ ಎಸೆಯಬೇಡಿ

ಕಟಿ ಬಸ್ತಿ ಎಂದರೆ ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಬಿಸಿ ಎಣ್ಣೆ ನಿಲ್ಲಿಸುವ ಆಯುರ್ವೇದ ಚಿಕಿತ್ಸೆ. ಆ ಕಟ್ಟೆಯ ಬದಲು ಇದನ್ನಿಟ್ಟು ಮನೆಯಲ್ಲೇ ಮಾಡಿಕೊಳ್ಳಿ ಎಂದು ಮಾರುವ ಸಿಲಿಕೋನ್ ರಿಂಗ್ ಸೋರುತ್ತದೆ. ಒಂದು ಕಂಪನಿಯದು ಮಾತ್ರವಲ್ಲ, ಚಪ್ಪಟೆ ತಳವಿರುವ ಎಲ್ಲ ರಿಂಗೂ ಸೋರುತ್ತವೆ. ಹಿಟ್ಟು ಕಲಸುವ ಕೆಲಸ ತಪ್ಪುತ್ತದೆ ಎಂಬ ಆಸೆಗೇ ಜನ ಇದನ್ನು ಕೊಳ್ಳುವುದು. ಆ ಆಸೆ ಮೊದಲ ದಿನವೇ ಹಾಸಿಗೆಯ ಮೇಲೆ ಹರಿದುಹೋಗುತ್ತದೆ.

ಕಾರಣ ಸರಳ. ರಿಂಗಿನ ತಳ ಚಪ್ಪಟೆ, ಸೊಂಟ ಚಪ್ಪಟೆಯಲ್ಲ. ಬೆನ್ನುಮೂಳೆಯ ಗುಂಟ ನಡುವೆ ಒಂದು ತೋಡು, ಅದರ ಎರಡೂ ಬದಿ ಉಬ್ಬಿದ ಸ್ನಾಯು. ರಿಂಗ್ ಆ ಉಬ್ಬುಗಳ ಮೇಲೆ ಕೂರುತ್ತದೆ, ತೋಡಿನ ಮೇಲೆ ಸೇತುವೆಯಾಗುತ್ತದೆ. ಬಿಸಿಯಾದ ಎಣ್ಣೆ ತೆಳುವಾಗಿರುತ್ತದಲ್ಲ, ಆ ಸಂದಿಯಿಂದ ಮೇಲಕ್ಕೆ ಬೆನ್ನಿಗೂ ಕೆಳಕ್ಕೆ ಪೃಷ್ಠದ ಕಡೆಗೂ ಜಾರುತ್ತದೆ. ರಿಂಗನ್ನು ಸೊಂಟಕ್ಕೆ ಕಟ್ಟುವ ಪಟ್ಟಿ ಬಿಗಿದರೆ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಬಿಗಿದಷ್ಟೂ ರಿಂಗ್ ಅಂಡಾಕಾರಕ್ಕೆ ತಿರುಗಿ ತೋಡಿನ ಮೇಲಿನ ಸಂದಿ ಇನ್ನೂ ದೊಡ್ಡದಾಗುತ್ತದೆ. ಕೆಮ್ಮಿದರೆ, ನಕ್ಕರೆ, ತಲೆ ಎತ್ತಿ ಮಾತಾಡಿದರೆ ಉಳಿದ ಹಿಡಿತವೂ ಬಿಡುತ್ತದೆ.

ಪರಿಹಾರ ಹಳೆಯದೇ. ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯದ ಸೂತ್ರಸ್ಥಾನ 22ನೇ ಅಧ್ಯಾಯದಲ್ಲಿ ಶಿರೋಬಸ್ತಿಯ, ಅಂದರೆ ತಲೆಯ ಮೇಲೆ ಎಣ್ಣೆ ನಿಲ್ಲಿಸುವ ವಿಧಾನ ಇದೆ. ಹನ್ನೆರಡು ಅಂಗುಲದ ಚರ್ಮದ ಪಟ್ಟಿಯನ್ನು ತಲೆಗೆ ಕಟ್ಟಿ, ಸಂದಿಗೆ ಉದ್ದಿನ ಕಲ್ಕ (ಕಲಸಿದ ಹಿಟ್ಟು) ಮೆತ್ತುತ್ತಾರೆ. ಗೋಡೆಗೆ ಚರ್ಮ, ಸೋರಿಕೆಗೆ ಉದ್ದು. ರಿಂಗಿಗೂ ಇದೇ ದಾರಿ. ಪೂರ್ತಿ ಹಿಟ್ಟಿನಲ್ಲೇ ಕಟ್ಟೆ ಕಟ್ಟಲು 350ರಿಂದ 400 ಗ್ರಾಂ ಉದ್ದಿನ ಹಿಟ್ಟು ಬೇಕು. ರಿಂಗ್ ಇದ್ದರೆ 70-80 ಗ್ರಾಂ ಸಾಕು. ರಿಂಗ್ ಉಳಿಸುವುದು ಹಿಟ್ಟನ್ನಲ್ಲ, ಹಿಟ್ಟಿನ ಪ್ರಮಾಣವನ್ನು. ಇದನ್ನು ಮಾರುವವರು ಮೊದಲೇ ಹೇಳಿದ್ದರೆ ಈ ವಿಮರ್ಶೆ ಇಷ್ಟು ಕಹಿಯಾಗಿ ಶುರುವಾಗುತ್ತಿರಲಿಲ್ಲ.

ಹಿಟ್ಟಿನ ಹದವೇ ಅರ್ಧ ಕೆಲಸ. ಸಿಪ್ಪೆ ತೆಗೆದ ಉದ್ದಿನ ಬೇಳೆಯ ನುಣ್ಣನೆ ಹಿಟ್ಟು ತೆಗೆದುಕೊಳ್ಳಿ. ತರಿ ಇದ್ದರೆ ಅಂಟು ಬರುವುದಿಲ್ಲ. ನೀರನ್ನು ಚಮಚ ಚಮಚವಾಗಿ ಹಾಕುತ್ತ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ಒದ್ದೆ ಬಟ್ಟೆ ಮುಚ್ಚಿಡಿ. ನೀರು ಹೆಚ್ಚಾದರೆ ಬಿಸಿ ಎಣ್ಣೆ ತಾಗಿದ ಕೂಡಲೇ ಕುಸಿಯುತ್ತದೆ, ಕಡಿಮೆಯಾದರೆ ಅರ್ಧ ಗಂಟೆಯೊಳಗೆ ಬಿರುಕು ಬಿಡುತ್ತದೆ. ಕಿರುಬೆರಳ ದಪ್ಪಕ್ಕೆ ಹೊಸೆದು ರಿಂಗಿನ ತಳದ ಸುತ್ತ ಅಂಟಿಸಿ. ತೋಡಿನ ಮೇಲೆ ಬರುವ ಎರಡು ಕಡೆ ಮಾತ್ರ ಇಮ್ಮಡಿ ದಪ್ಪ ಇರಲಿ. ರಿಂಗನ್ನು ಬೆನ್ನಿಗೆ ಒತ್ತಿದ ಮೇಲೆ ಒದ್ದೆ ಬೆರಳಿನಿಂದ ಒಳ ಅಂಚು, ಹೊರ ಅಂಚು ಎರಡನ್ನೂ ಚರ್ಮಕ್ಕೆ ಸವರಿ. ಹೊರಗಷ್ಟೇ ಸವರಿದರೆ ಎಣ್ಣೆ ಒಳಗಿನಿಂದ ಹಿಟ್ಟಿನ ಅಡಿಗೆ ನುಗ್ಗಿ ಅದನ್ನು ಎತ್ತಿಬಿಡುತ್ತದೆ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ರಿಂಗ್ ಇಡುತ್ತಾರೆ. ಎಣ್ಣೆ ತಾಗಿದ ಚರ್ಮಕ್ಕೆ ಹಿಟ್ಟು ಅಂಟುವುದೇ ಇಲ್ಲ. ಅಭ್ಯಂಗ ಬೇಕಿದ್ದರೆ ಬಸ್ತಿ ಮುಗಿದ ಮೇಲಿರಲಿ. ಬೆವರಿದ್ದರೆ ಒರೆಸಿ. ಸೊಂಟದಲ್ಲಿ ಕೂದಲು ಹೆಚ್ಚಿದ್ದರೆ ರಿಂಗಿನ ಗೆರೆಯಷ್ಟು ಅಗಲಕ್ಕೆ ಟ್ರಿಮ್ಮರ್‌ನಿಂದ ಕತ್ತರಿಸಿ. ಬ್ಲೇಡಿನಿಂದ ಬೋಳಿಸಿದರೆ ಬಿಸಿ ಎಣ್ಣೆಗೆ ರೋಮಕೂಪಗಳಲ್ಲಿ ಸಣ್ಣ ಗುಳ್ಳೆ ಏಳಬಹುದು.

ಮಲಗುವ ಭಂಗಿಯೂ ಸೋರಿಕೆಗೆ ಸಂಬಂಧಿಸಿದ್ದೇ. ಬೋರಲು ಮಲಗಿದಾಗ ಸೊಂಟ ಒಳಕ್ಕೆ ಬಗ್ಗಿ ಗುಳಿ ಬೀಳುತ್ತದೆ, ಎಣ್ಣೆ ಒಂದೇ ಕಡೆ ಕೂಡುತ್ತದೆ, ಇನ್ನೊಂದು ಅಂಚು ಒಣಗಿಯೇ ಇರುತ್ತದೆ. ಹೊಟ್ಟೆಯ ಕೆಳಗೆ ತೆಳ್ಳನೆಯ ದಿಂಬು, ಪಾದದ ಗಂಟಿನ ಕೆಳಗೆ ಸುತ್ತಿದ ಟವೆಲ್ ಇಟ್ಟರೆ ಸೊಂಟ ಮಟ್ಟಸವಾಗುತ್ತದೆ. ಮೆತ್ತನೆಯ ಹಾಸಿಗೆಗಿಂತ ನೆಲದ ಮೇಲಿನ ಚಾಪೆ ಒಳ್ಳೆಯದು. ಜಾಗ ಗುರುತಿಸಲು ಸೊಂಟದ ಎರಡೂ ಬದಿಯ ಮೂಳೆಗಳ ಮೇಲಂಚನ್ನು ಮುಟ್ಟಿ ನೋಡಿ, ಅವೆರಡನ್ನು ಸೇರಿಸುವ ಗೆರೆ ಸುಮಾರಾಗಿ ಸೊಂಟದ ನಾಲ್ಕನೇ ಕಶೇರುಕದ (ಬೆನ್ನೆಲುಬಿನ ಮಣಿಯ) ಮೇಲೆ ಹೋಗುತ್ತದೆ. ರಿಂಗಿನ ನಡುಭಾಗ ಆ ಗೆರೆಗಿಂತ ಎರಡು ಬೆರಳು ಕೆಳಗಿರಲಿ. ನೋವು ಹೆಚ್ಚಾಗಿ ಕಾಡುವ ಕೊನೆಯ ಕೀಲುಗಳು ಆಗ ಒಳಗೆ ಬರುತ್ತವೆ. ತುಂಬ ಮೇಲಿಟ್ಟು, ಫಲವಿಲ್ಲ ಎನ್ನುವವರೇ ಹೆಚ್ಚು.

ಅಳತೆ ನೋಡಿ ಕೊಳ್ಳಿ. 12 ಸೆಂಟಿಮೀಟರ್ ಒಳವ್ಯಾಸದ ರಿಂಗಿನಲ್ಲಿ ಒಂದೂವರೆ ಸೆಂಟಿಮೀಟರ್ ಎಣ್ಣೆ ನಿಲ್ಲಿಸಲು ಸುಮಾರು 170 ಮಿಲಿ ಬೇಕು. 10 ಸೆಂಟಿಮೀಟರ್‌ನದಕ್ಕೆ 120 ಮಿಲಿ. ದೊಡ್ಡ ರಿಂಗ್ ನೋಡಲು ಚೆನ್ನ, ಖರ್ಚು ಎಣ್ಣೆಯಲ್ಲಿ ಬರುತ್ತದೆ. ತೆಳ್ಳಗಿರುವವರಿಗೆ ಹತ್ತರದ್ದೇ ಸರಿ, ಅಗಲದ್ದು ಪಕ್ಕೆಯ ಇಳಿಜಾರಿಗೆ ಹೋಗಿ ಮತ್ತೆ ಸೋರುತ್ತದೆ.

ಇನ್ನು ಬಿಸಿ. ಉಪಯೋಗದಲ್ಲಿ ಇದೇ ನಿಜವಾದ ಸುಖ, ಇದೇ ಅಪಾಯ ಕೂಡ. ಎಣ್ಣೆಯನ್ನು ನೇರ ಉರಿಯ ಮೇಲೆ ಇಡಬೇಡಿ, ಘಾಟು ಬರುತ್ತದೆ, ಎಣ್ಣೆ ಕೆಡುತ್ತದೆ. ಮೈಕ್ರೋವೇವ್ ಇನ್ನೂ ಕೆಟ್ಟದ್ದು, ಮೇಲೆ ಬೆಚ್ಚಗಿದ್ದು ನಡುವೆ ಸುಡುತ್ತಿರುತ್ತದೆ. ಅಗಲ ಪಾತ್ರೆಯಲ್ಲಿ ಬಿಸಿನೀರು, ಅದರೊಳಗೆ ಎಣ್ಣೆಯ ಸ್ಟೀಲ್ ಬಟ್ಟಲು. ಎಣ್ಣೆ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. 44 ಡಿಗ್ರಿ ದಾಟಿದ್ದು ಬಹಳ ಹೊತ್ತು ತಾಗಿದರೆ ಚರ್ಮ ಸುಡಬಹುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಅದರ ಅಳತೆ ಸುಮಾರು 42ಕ್ಕೇ ಮುಗಿಯುತ್ತದೆ. ಅಡುಗೆಗೆ ಬಳಸುವ, ಕಡ್ಡಿ ಮುಳುಗಿಸುವ ಥರ್ಮಾಮೀಟರ್ ಕೊಳ್ಳಿ. ಬಜೆಟ್ ಬಿಗಿಯಿದ್ದರೆ ದುಬಾರಿ ತೈಲ ಬಿಟ್ಟು ಇದನ್ನೇ ಕೊಳ್ಳಿ ಎನ್ನುತ್ತೇನೆ, ಅಷ್ಟು ಮುಖ್ಯ. ಸಕ್ಕರೆ ಕಾಯಿಲೆಯಿಂದ ಅಥವಾ ನರ ಒತ್ತಿ ಸೊಂಟದ ಚರ್ಮ ಜೋಮು ಹಿಡಿದವರಿಗೆ ಬಿಸಿ ತಿಳಿಯುವುದೇ ಇಲ್ಲ. ಅವರಿಗೆ ಸುಡುವುದಿಲ್ಲವೇ ಎಂದು ಕೇಳಿ ಎಣ್ಣೆ ಹೊಯ್ಯಬೇಡಿ, ಥರ್ಮಾಮೀಟರ್ ನೋಡಿ ಹೊಯ್ಯಿರಿ.

ಹೊಯ್ಯುವುದಕ್ಕೆ ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಮಾಡಿಕೊಳ್ಳುವ ಉಪಾಯಗಳೆಲ್ಲ ಎಣ್ಣೆ ಚೆಲ್ಲುವ ಉಪಾಯಗಳೇ. ಬಟ್ಟಲನ್ನು ನಡುವೆ ಸುರಿಯದೆ, ರಿಂಗಿನ ಒಳಗೋಡೆಗೆ ತಾಗಿದ ಬೆರಳ ಮೇಲೆ ಸಣ್ಣ ಧಾರೆಯಾಗಿ ಬಿಡಬೇಕು. ಬಿಡುವವರ ಬೆರಳಿಗೇ ಮೊದಲು ಬಿಸಿ ಗೊತ್ತಾಗುತ್ತದೆ. ಐದಾರು ನಿಮಿಷಕ್ಕೆ ಎಣ್ಣೆ ಆರುತ್ತದೆ. ಆಗ ಸಣ್ಣ ಸೌಟಿನಲ್ಲೋ ಹತ್ತಿಯ ಉಂಡೆಯಲ್ಲೋ ಎರಡು ಮೂರು ಚಮಚ ತೆಗೆದು, ಅಷ್ಟೇ ಬಿಸಿ ಎಣ್ಣೆ ಸೇರಿಸಬೇಕು. ತೆಗೆದದ್ದು ಮತ್ತೆ ಬಿಸಿನೀರಿನಲ್ಲಿಟ್ಟ ಎಣ್ಣೆ ಬಟ್ಟಲಿಗೆ. ಪೂರ್ತಿ ಆರಲು ಬಿಟ್ಟು ಒಮ್ಮೆಲೇ ಬದಲಿಸಬೇಡಿ. ಸ್ವಲ್ಪ ಸ್ವಲ್ಪ ಬದಲಿಸುತ್ತಿದ್ದರೆ ಬಿಸಿ ಏರಿಳಿಯದೆ ನಿಲ್ಲುತ್ತದೆ, ಬಿಗಿದ ಸ್ನಾಯು ಹದಿನೈದು ಇಪ್ಪತ್ತು ನಿಮಿಷದಲ್ಲಿ ಸಡಿಲಗೊಳ್ಳುವುದು ಮಲಗಿದವರಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹೀಟಿಂಗ್ ಪ್ಯಾಡಿನ ಒಣ ಕಾವಿನಲ್ಲಿ ಈ ಸಮಾಧಾನ ಇಲ್ಲ. ಎಣ್ಣೆ ಆ ತೋಡಿನೊಳಗೂ ಕೂತು, ಅಂಗೈಯಷ್ಟು ಜಾಗವನ್ನು ಒಂದೇ ಸಮ ಕಾಯಿಸುತ್ತದೆ. ಇಲ್ಲಿಗೆ ಬಂದಾಗ ರಿಂಗಿನ ಮೇಲಿನ ಸಿಟ್ಟು ನಿಜಕ್ಕೂ ಇಳಿಯುತ್ತದೆ. ಒಟ್ಟು 30ರಿಂದ 40 ನಿಮಿಷ ಸಾಕು.

ಮುಗಿದ ಮೇಲೆ ಎಣ್ಣೆ ಪೂರ್ತಿ ತೆಗೆದು, ಆಮೇಲೆ ರಿಂಗ್ ಬಿಡಿಸಿ. ಉಳಿದ ಜಿಡ್ಡಿನಲ್ಲೇ ಐದು ನಿಮಿಷ ಮೃದುವಾಗಿ ಸವರಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹೊದಿಸಿ. ನೇರ ಎದ್ದು ಕೂರಬಾರದು. ಮಗ್ಗುಲಾಗಿ, ಕಾಲು ಮಡಿಸಿ, ಕೈ ಊರಿ ಏಳಬೇಕು. ಸಡಿಲಗೊಂಡ ಸೊಂಟವನ್ನು ಹತ್ತು ನಿಮಿಷದಲ್ಲಿ ಕೊಡ ಎತ್ತಿಸಿ ಕೆಡಿಸಿಕೊಳ್ಳುವವರಿದ್ದಾರೆ. ಒಂದು ಗಂಟೆ ವಿಶ್ರಾಂತಿ, ಆಮೇಲೆ ಬಿಸಿನೀರ ಸ್ನಾನ, ಜಿಡ್ಡಿಗೆ ಹೆಸರು ಹಿಟ್ಟು. ಊಟ ಮಾಡಿದ ಕೂಡಲೇ ಬಸ್ತಿ ಬೇಡ, ಬೋರಲು ಮಲಗಲು ಆಗದು.

ಯಾವ ತೈಲ ಎಂಬ ಚರ್ಚೆಗೆ ಜನ ಕೊಡುವಷ್ಟು ತೂಕ ನಾನು ಕೊಡುವುದಿಲ್ಲ. ಆದರೂ ವ್ಯತ್ಯಾಸ ಇದೆ. ಒಣ, ಹಳೆಯ, ಆಯಾಸವಾದಾಗ ಹೆಚ್ಚುವ ನೋವಿಗೆ ಎಳ್ಳೆಣ್ಣೆ ಆಧಾರದ ಮಹಾನಾರಾಯಣ ಅಥವಾ ಧಾನ್ವಂತರ ತೈಲ. ಕಾಲಿಗೆ ಎಳೆಯುವ ನೋವಿಗೆ ವೈದ್ಯರು ಹೆಚ್ಚಾಗಿ ಸಹಚರಾದಿ ಹೇಳುತ್ತಾರೆ. ಬೆಳಿಗ್ಗೆ ಭಾರ, ಬಿಗಿತ ಹೆಚ್ಚಿದ್ದರೆ ಕೊಟ್ಟಂಚುಕ್ಕಾದಿ. ಶುಂಠಿ, ಬೆಳ್ಳುಳ್ಳಿ, ಸಾಸಿವೆ ಸೇರಿದ ತೈಲ ಅದು, ಸೂಕ್ಷ್ಮ ಚರ್ಮಕ್ಕೆ ಉರಿ, ತುರಿಕೆ ತರಬಹುದು. ಉರಿಯ ನೋವಿಗೆ ಹಾಲು ಸೇರಿಸಿ ಕಾಯಿಸಿದ ಕ್ಷೀರಬಲಾ. ಮುರಿವೆಣ್ಣ ತೆಂಗಿನೆಣ್ಣೆಯದು, ಪೆಟ್ಟಾದ ಜಾಗಕ್ಕೆ ಒಳ್ಳೆಯದು, ಆದರೆ ಚಳಿಯಲ್ಲಿ ರಿಂಗಿನ ಅಂಚಿಗೆ ಹೆಪ್ಪುಗಟ್ಟುತ್ತದೆ. ಯಾವುದೇ ಆದರೂ ಮುಂಗೈ ಒಳಬದಿಗೆ ಸವರಿ ಒಂದು ದಿನ ಕಾದು ನೋಡಿ.

ಎಣ್ಣೆ ಇಳಿದು ಜಾರಿದ ಡಿಸ್ಕನ್ನು ಒಳಕ್ಕೆ ಕೂರಿಸುತ್ತದೆ ಎಂಬ ಜಾಹೀರಾತನ್ನು ನಂಬಿ ಮಾತ್ರ ಕೊಳ್ಳಬೇಡಿ. ಕಾವು ಸ್ನಾಯುವಿನ ಬಿಗಿತ ಇಳಿಸುತ್ತದೆ, ನೋವು ತಗ್ಗಿಸುತ್ತದೆ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಹೊರಡಿಸಿದ ಮಾರ್ಗಸೂಚಿಯೂ ಹೊಸ ಸೊಂಟನೋವಿಗೆ ಮೊದಲ ಉಪಾಯಗಳಲ್ಲಿ ಮೇಲಿನಿಂದ ಕೊಡುವ ಶಾಖವನ್ನು ಹೇಳಿದೆ. ಆ ಹಗುರ ಸಿಕ್ಕ ಗಂಟೆಗಳಲ್ಲಿ ನಡಿಗೆ, ಸೊಂಟದ ವ್ಯಾಯಾಮ ಮಾಡಿಕೊಂಡವರಿಗೆ ಫಲ ಉಳಿಯುತ್ತದೆ. ಏಳು ದಿನ ಬಸ್ತಿ ಮಾಡಿಸಿಕೊಂಡು ಎಂಟನೇ ದಿನದಿಂದ ಮತ್ತೆ ಕುರ್ಚಿಯಲ್ಲೇ ಕೂತವರಿಗೆ ನೋವು ಹಾಗೆಯೇ ಮರಳುತ್ತದೆ.

ಕೆಲವರಿಗೆ ಈ ವಿಧಾನವೇ ಒಗ್ಗದು. ಬೆನ್ನುಹುರಿಯ ನಾಳ ಕಿರಿದಾದವರಿಗೆ ಮುಂದಕ್ಕೆ ಬಾಗಿದರೆ ಹಿತ, ಬೋರಲು ಮಲಗಿದರೆ ಕಾಲು ಸೆಳೆತ. ಅವರಿಗೆ ಹೊಟ್ಟೆಯಡಿಯ ದಿಂಬು ದಪ್ಪಗಿರಬೇಕು, ಆಗಲೂ ಸೆಳೆದರೆ ನಿಲ್ಲಿಸಬೇಕು. ಗರ್ಭಿಣಿಯರಿಗೆ, ಜ್ವರ ಇರುವವರಿಗೆ, ಆ ಜಾಗದಲ್ಲಿ ಗಾಯವೋ ಕಜ್ಜಿಯೋ ಇರುವವರಿಗೆ ಬೇಡ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಎಣ್ಣೆ ಕಾಯಿಸುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿದ್ದ ನಂತರದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಲ್ಲೂ ಬಿಡದ ನೋವು ಇವೂ ಮೊದಲು ವೈದ್ಯರಿಗೆ. ನೋವಿಗೆ ನುಂಗುವ ಗುಗ್ಗುಲು ಮಾತ್ರೆ, ಕಷಾಯಗಳ ವಿಷಯವೂ ಹಾಗೆಯೇ. ಮಹಾಯೋಗರಾಜ ಗುಗ್ಗುಲುವಿನಲ್ಲಿ ಲೋಹದ ಭಸ್ಮಗಳಿರುತ್ತವೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಯಾವ ಗುಗ್ಗುಲುವನ್ನೂ ಕೇಳದೆ ನುಂಗಬಾರದು.

ಎಣ್ಣೆಯ ಲೆಕ್ಕ: ಒಬ್ಬರಿಗೆ ಬಳಸಿದ್ದನ್ನು ಅವರಿಗೇ ಮೂರು ದಿನ ಬಳಸಬಹುದು, ಪ್ರತಿ ಸಲ ಹಿಟ್ಟಿನ ಚೂರು ಸೋಸಿ. ದಿನಕ್ಕೆ ಮೂರು ನಾಲ್ಕು ಚಮಚ ಬಟ್ಟೆಗೆ, ಚರ್ಮಕ್ಕೆ ಹೋಗುತ್ತದೆ, ಅಷ್ಟು ಹೊಸದು ಸೇರಿಸಿ. ಹುಳಿ ವಾಸನೆ ಬಂದರೆ ಮೂರು ದಿನ ಆಗದಿದ್ದರೂ ಚೆಲ್ಲಿ. ಏಳು ದಿನದ ಒಂದು ಸರದಿಗೆ ದೊಡ್ಡ ರಿಂಗಾದರೆ 200 ಮಿಲಿಯ ಮೂರು ಬಾಟಲಿ ಹಿಡಿಯುತ್ತದೆ. ಹಿಟ್ಟನ್ನು ಸಿಂಕಿಗೆ ಹಾಕಬೇಡಿ, ಉಬ್ಬಿ ಪೈಪು ಕಟ್ಟುತ್ತದೆ. ರಿಂಗನ್ನು ಮೊದಲು ಒಣ ಹಿಟ್ಟಿನಿಂದ ಒರೆಸಿ ಆಮೇಲೆ ಸೋಪು ಹಾಕಿದರೆ ಜಿಡ್ಡು ಬೇಗ ಬಿಡುತ್ತದೆ. ಎಣ್ಣೆ ಕುಡಿದ ಟವೆಲ್ಲುಗಳನ್ನು ಡ್ರೈಯರ್‌ಗೆ ಹಾಕಲೇಬೇಡಿ, ರಾಶಿಯಾಗಿ ಬಿಸಿಯಾದಾಗ ತಾವೇ ಹೊತ್ತಿಕೊಳ್ಳಬಲ್ಲವು.

ನೆರವಿಗೆ ಇನ್ನೊಬ್ಬರಿಲ್ಲದ ಮನೆಗೆ ರಿಂಗ್ ಬದಲು ಕಟಿ ಪಿಚು ಸಾಕು. ಎಂಟು ಹತ್ತು ಪದರ ಹತ್ತಿ ಬಟ್ಟೆಯನ್ನು ಅಂಗೈ ಅಗಲಕ್ಕೆ ಮಡಿಸಿ, ಅದೇ 42 ಡಿಗ್ರಿಯ 40 ಮಿಲಿ ಎಣ್ಣೆಯಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ ಸೊಂಟದ ಮೇಲೆ ಹಾಸಿಕೊಳ್ಳಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಟವೆಲ್. ಬಸ್ತಿಯ ಆಳವಾದ ಕಾವು ಇದರಲ್ಲಿ ಇಲ್ಲ, ಹತ್ತು ನಿಮಿಷಕ್ಕೆ ಆರುತ್ತದೆ, ಮತ್ತೆ ಅದ್ದಬೇಕು. ಆದರೆ ಸೋರಿಕೆಯ ರಗಳೆಯಿಲ್ಲ, ಎಣ್ಣೆ ದೊಡ್ಡ ರಿಂಗಿನದರ ನಾಲ್ಕನೇ ಒಂದು ಭಾಗ, ಬೋರಲು ಮಲಗಲಾರದವರು ಮಗ್ಗುಲಾಗಿಯೂ ಮಾಡಿಕೊಳ್ಳಬಹುದು. ರಿಂಗ್ ಕೊಳ್ಳುವ ಮೊದಲು ಒಂದು ವಾರ ಇದನ್ನು ಮಾಡಿ ನೋಡಿ. ಕಾವಿಗೆ ನೋವು ಸ್ಪಂದಿಸುತ್ತದೆ ಅನಿಸಿದರೆ, ಎಣ್ಣೆ ಹೊಯ್ಯಲು ಮನೆಯಲ್ಲಿ ಒಬ್ಬರು ಸಿಗುತ್ತಾರೆ ಎಂದಾದರೆ, 10 ಸೆಂಟಿಮೀಟರ್‌ನ ರಿಂಗ್ ತೆಗೆದುಕೊಳ್ಳಿ. ಜೊತೆಗೆ ಅರ್ಧ ಕಿಲೋ ಉದ್ದಿನ ಹಿಟ್ಟನ್ನೂ ತನ್ನಿ.