ಅಜ್ಜಿಯ ಮದುವೆ ಫೋಟೋ ಸರಿ ಮಾಡಿಕೊಟ್ಟ ಸ್ಟುಡಿಯೋ
1971ರ ಯುದ್ಧ 13 ದಿನಕ್ಕೆ ಮುಗಿಯಿತು. ಅಜ್ಜನ ಕಾಗದಕ್ಕೆ ಅಜ್ಜಿ ಅದಕ್ಕಿಂತ ಜಾಸ್ತಿ ದಿನ ಕಾದರು. ‘ಕೇರ್ ಆಫ್ 56 ಎಪಿಓ’ ಅನ್ನೋ ಸೇನಾ ಅಂಚೆ ಕಚೇರಿಯ ವಿಳಾಸ ಅವರಿಗೆ ಇವತ್ತಿಗೂ ಬಾಯಿಪಾಠ. ಆಗ ದಿಂಬಿನಡಿ ಇಟ್ಟುಕೊಂಡಿದ್ದ ಮದುವೆ ಫೋಟೋ ಮಡಚಿದಲ್ಲೆಲ್ಲ ಬಿರುಕು ಬಿಟ್ಟಿತ್ತು.

ಮೊದಲು ಕೊಟ್ಟ ಅಂಗಡಿಯಲ್ಲಿ ಅಜ್ಜಿಯ ಮುಖಕ್ಕೆ ಸುಮ್ನೆ ಬಿಳಿ ಬಳಿದಿದ್ದರು. ಬಲ ಭುಜದ ಮೇಲೆ ಬರುವ ಕೊಡವ ಸೀರೆಯ ಸೆರಗೇ ಮಾಯ! ನನಗೆ ಅಳು ಬಂತು. ಮಡಿಕೇರಿಯ ಈ ಸ್ಟುಡಿಯೋದವರು ಸೆರಗಿನ ಪಿನ್ ಎಲ್ಲಿತ್ತು, ಅಜ್ಜ ಕುಪ್ಯದ (ಕೊಡವರ ಉದ್ದ ಕೋಟು) ಮೇಲೆ ಚೇಲೆ (ಸೊಂಟಪಟ್ಟಿ) ಹೇಗೆ ಕಟ್ಟಿದ್ದರು ಅಂತ ಫೋನ್ ಮಾಡಿ ಅಜ್ಜಿಯನ್ನೇ ಕೇಳಿದರು. ವಾರ ಅಂದವರು 12 ದಿನ ತಗೊಂಡರು, ಪರವಾಗಿಲ್ಲ.

ಅಜ್ಜಿ ಫೋಟೋ ಹಿಡಿದು ಅಜ್ಜನ ಮೀಸೆ ಮೇಲೆ ಬೆರಳಾಡಿಸಿದರು. “ಆಗ ರಜೆ ಹತ್ತೇ ದಿನ ಇತ್ತು ಮಗಾ” ಅಂದರು.